ಕತ್ತಲೆಯ ಹನ್ನೊಂದು ನಿಮಿಷ

ನನ್ನ ಗೆಳೆಯ ಸದಾನಂದನಿಗೆ ನಾನು ಎರಡು ಸಲ ಸುಳ್ಳು ಹೇಳಿದೆ. ಮೊದಲನೆಯ ಸುಳ್ಳಿನಿಂದ ಅವನ ಸಿನಿಮಾ ಕೊನೆಯಿಲ್ಲದೆ ಉಳಿಯಿತು. ಎರಡನೆಯದನ್ನು ಅವನು ಸಾಯುವುದಕ್ಕೆ ಎರಡು ದಿನ ಮೊದಲು, ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕದಲ್ಲೇ ಕೂತು ಹೇಳಿದೆ. ಅವನ ಸಿನಿಮಾದ ಕೊನೆಯ ರೋಲು ಕೆಮಿಕಲ್‌ನಲ್ಲಿ ಕೆಟ್ಟಿರಲಿಲ್ಲ. ಅದನ್ನು ನಾನು ಕದ್ದಿದ್ದೆ. ಹತ್ತು ವರ್ಷ ನನ್ನ ಹತ್ತಿರವೇ ಇಟ್ಟುಕೊಂಡು ನಾನೊಬ್ಬನೇ ನೋಡಿದೆ.

ಇಷ್ಟನ್ನು ಬರೆದುಬಿಟ್ಟರೆ ಉಳಿದದ್ದು ಸುಲಭವಾದೀತು ಎಂದುಕೊಂಡಿದ್ದೆ — ಹಾಗಾಗುತ್ತಿಲ್ಲ.

ಸದಾನಂದ ಮತ್ತು ನಾನು ಪರೇಲ್‌ನ ಮುನಿಸಿಪಾಲಿಟಿ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಅವನದು ಉಡುಪಿಯ ಕಡೆ. ತಂದೆ ವಡಾಲದ ಒಂದು ಹೋಟೆಲಿನಲ್ಲಿ ಅಡುಗೆಯವರು. ನಮ್ಮದು ಬಿಜಾಪುರದ ಕಡೆ. ಅಬ್ಬಾ ಮಿಲ್ಲಿನ ಕೆಲಸಕ್ಕೆಂದು ಬಂದು ಇಲ್ಲಿಯೇ ತೀರಿಹೋದರು. ಅಕ್ಕನ ಮದುವೆಯಾಗಿ ಅವಳು ಹುಬ್ಬಳ್ಳಿಗೆ ಹೋದ ಮೇಲೆ ಚಾಳಿನ ಒಂದು ಕೋಣೆಯಲ್ಲಿ ಉಳಿದವರು ಅಮ್ಮೀ ಮತ್ತು ನಾನು. ಸದಾನಂದ ಮುಂದೆ ಓದಿ ಇನ್ಶೂರೆನ್ಸ್ ಕಚೇರಿಯಲ್ಲಿ ಗುಮಾಸ್ತನಾದ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಒಂದು ಫಿಲ್ಮ್ ಲ್ಯಾಬ್ ಸೇರಿದೆ. ಅಲ್ಲಿ ನನ್ನ ಕೆಲಸ ನೆಗೆಟಿವ್ ಕತ್ತರಿಸುವುದು. ಕೈಗೆ ಬಿಳಿ ಹತ್ತಿಯ ಗ್ಲೌಸು ಹಾಕಿಕೊಂಡು, ಸಿನಿಮಾದವರು ಗುರುತು ಹಾಕಿದ ಜಾಗದಲ್ಲಿ ಕತ್ತರಿಸಿ, ಒಂದಕ್ಕೊಂದು ಅಂಟಿಸಬೇಕು. ನೆಗೆಟಿವ್ ಎನ್ನುವುದು ಒಂದೇ ಇರುತ್ತದೆ. ಅದು ಹೋದರೆ ಹೋಯಿತು. ಅದಕ್ಕೇ ನಮ್ಮಂಥವರ ಕೈಯನ್ನು ಜನ ನಂಬುತ್ತಾರೆ.

ಅರವತ್ತರ ದಶಕದ ಕೊನೆಯ ಹೊತ್ತಿಗೆ ಸದಾನಂದನಿಗೆ ಒಂದು ಹುಚ್ಚು ಹಿಡಿಯಿತು. ಭಾನುವಾರ ಬೆಳಿಗ್ಗೆ ಒಂದು ಶಾಲೆಯ ಹಾಲಿನಲ್ಲಿ ಕೆಲವರು ಸೇರಿ ಹೊರದೇಶದ ಸಿನಿಮಾಗಳನ್ನು ತರಿಸಿ ನೋಡುತ್ತಿದ್ದರು. ಹಾಡಿಲ್ಲ, ಹೊಡೆದಾಟವಿಲ್ಲ, ಕಥೆಯೂ ಇಲ್ಲವೆನ್ನಬೇಕು. ಒಂದು ಪ್ರಿಂಟ್ ಪೆಟ್ಟಿಗೆಯಲ್ಲಿ ಬರುತ್ತಿತ್ತು, ಒಮ್ಮೆ ತೋರಿಸಿದರೆ ಮರುದಿನವೇ ಬೇರೆ ಊರಿಗೆ ಹೊರಟುಹೋಗುತ್ತಿತ್ತು. ತಪ್ಪಿಸಿಕೊಂಡರೆ ಮತ್ತೆ ನೋಡಲು ಸಿಗುವ ಭರವಸೆಯಿರಲಿಲ್ಲ. ಸದಾನಂದ ಜ್ವರವಿದ್ದರೂ ಹೋಗುತ್ತಿದ್ದ. ಒಮ್ಮೆ ನನ್ನನ್ನೂ ಎಳೆದುಕೊಂಡು ಹೋದ. ಪರದೆಯ ಮೇಲೆ ಒಂದು ಒದ್ದೆ ಗೋಡೆ. ಅದರ ಮುಂದೆ ಒಂದು ಕುದುರೆ ನಿಂತಿತ್ತು. ನಾನು ನಿದ್ದೆ ಹೋದೆ. ಎದ್ದಾಗ ಕುದುರೆ ಇರಲಿಲ್ಲ, ಗೋಡೆ ಇತ್ತು.

ಹೊರಗೆ ಬಂದು ಕೇಳಿದೆ: "ಏನೋ ಸದಾ, ನಾ ಮಲಗಿ ಎದ್ರೂ ಅದ ಗ್ವಾಡಿ ಐತಲ್ಲೋ! ಆ ಕುದರಿ ಎಲ್ಲಿಗೆ ಹೋತು?"

"ನೀನು ಮಲಗಿದ್ದೂ ಸಿನಿಮಾದ ಒಳಗೇ ಮಾರಾಯ," ಎಂದ. "ಕುದುರೆ ಹೋದದ್ದನ್ನು ಎಚ್ಚರ ಇದ್ದವರೂ ನೋಡ್ಲಿಲ್ಲ. ಕಣ್ಣಿಗೆ ಎಂಥದೂ ಕೆಲಸ ಕೊಡದೆ ಸ್ವಲ್ಪ ಹೊತ್ತು ಬಿಟ್ಟರೆ ಅದು ತಾನಾಗಿ ನೋಡ್ಲಿಕ್ಕೆ ಸುರು ಮಾಡ್ತದೆ, ಗೊತ್ತುಂಟಾ?"

ಗೊತ್ತಿರಲಿಲ್ಲ. ಗೊತ್ತಾದದ್ದು ಬಹಳ ತಡವಾಗಿ — ಅದೂ ಅವನಿಂದ ಕದ್ದ ಮೇಲೆ.

ಅಂಥದ್ದೊಂದು ಸಿನಿಮಾ ತಾನೂ ಮಾಡುತ್ತೇನೆಂದು ಅವನು ಹೊರಟ. ದೊಡ್ಡ ಕಂಪನಿಗಳ ಶೂಟಿಂಗ್‌ನಲ್ಲಿ ಉಳಿದ ತುಂಡು ಫಿಲ್ಮುಗಳನ್ನು ಕಾಡಿ ಬೇಡಿ ತಂದ. ಬಾಡಿಗೆಯ ಸಣ್ಣ ಕ್ಯಾಮೆರಾ. ವಡಾಲದ ಉಪ್ಪಿನ ಗದ್ದೆಯ ನಡುವೆ ಒಂದು ಕುರ್ಚಿ ಇಟ್ಟು, ಸಮುದ್ರದ ಭರತದ ನೀರು ಅದರ ಕಾಲು ಮುಟ್ಟುವವರೆಗೆ ತೆಗೆದ. ಚಾಳಿನ ನಲ್ಲಿಯ ಕೆಳಗೆ ಸಾಲಾಗಿಟ್ಟ ಕೊಡಗಳು — ಸುತ್ತ ಒಬ್ಬರೂ ಇಲ್ಲ, ಕೊಡ ತುಂಬಿ ಹರಿಯುತ್ತಲೇ ಇರುತ್ತದೆ. ಲೋಕಲ್ ಟ್ರೇನಿನ ಒಂದು ಡಬ್ಬಿಯಲ್ಲಿ ನಿಂತವರೆಲ್ಲ ಕಣ್ಣು ಮುಚ್ಚಿಕೊಂಡಿದ್ದಾರೆ. ಎಲ್ಲರೂ ಯಾರನ್ನೋ ಕಾಯುತ್ತಿದ್ದಾರೆ, ಆ 'ಯಾರೋ' ಸಿನಿಮಾದಲ್ಲಿ ಕಾಣಬಾರದು, ಆದರೆ ಬಂದದ್ದು ನೋಡುವವರಿಗೆ ತಿಳಿಯಬೇಕು — ಇದು ಅವನ ಆಸೆ. ಹೇಗೆ ತಿಳಿಯಬೇಕು ಎಂದು ಕೇಳಿದರೆ, "ಕೊನೇ ಶಾಟ್‌ನಲ್ಲಿ ಸಿಕ್ತದೆ," ಎನ್ನುತ್ತಿದ್ದ. ಅದು ಸಿಕ್ಕ ಮೇಲೆಯೇ ಸಿನಿಮಾಕ್ಕೆ ಹೆಸರಿಡುವುದೆಂದು ನಿರ್ಧರಿಸಿದ್ದ.

ಆ ಕೊನೆಯ ಶಾಟ್‌ಗೆ ಅವನು ಕೇಳಿದ್ದು ನನ್ನ ಅಮ್ಮೀಯನ್ನು.

ಅಮ್ಮೀ ನಕ್ಕುಬಿಟ್ಟಳು. "ನನಗ ಏನ್ ಮಾಡಂತಿ ಸದಾ ಬೇಟಾ? ಕುಣೀಲೇನು?"

"ಎಂಥದೂ ಮಾಡುದು ಬೇಡ ಅಮ್ಮೀ. ಚಾಪೆ ಮೇಲೆ ಸುಮ್ಮನೆ ಕೂತ್ಕೊಳ್ಳಿ. ಹನ್ನೊಂದು ನಿಮಿಷ."

"ಯಾ ಅಲ್ಲಾ! ಇಷ್ಟು ವರ್ಸದಾಗ ಸುಮ್ಮ ಕುಂಡ್ರು ಅಂತ ಅಂದಾಂವ ನೀನ ಒಬ್ಬ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಕಲೀಲೇ ದಸ್ತಗೀರ," ಎಂದು ಛೇಡಿಸಿದಳು.

ಶೂಟಿಂಗ್ ದಿನ ನಾನು ಮನೆಯಲ್ಲಿರಲಿಲ್ಲ. ಆ ತಿಂಗಳುಗಳಲ್ಲಿ ನಾನು ದಿನಕ್ಕೆ ಎರಡು ಪಾಳಿ ಮಾಡುತ್ತಿದ್ದೆ, ಮನೆಗೆ ಬರುತ್ತಿದ್ದದ್ದು ಮಲಗಲಿಕ್ಕೆ ಮಾತ್ರ. ಸದಾನಂದ ಆಮೇಲೆ ಹೇಳಿದ ಪ್ರಕಾರ ನಡೆದದ್ದು ಇಷ್ಟು. ಬಾಗಿಲಿಗೆ ಬೆನ್ನು ಮಾಡಿ ಕ್ಯಾಮೆರಾ ಇಟ್ಟ. ಅದರ ಎದುರು ಗೋಡೆಯ ಪಕ್ಕ ಅಮ್ಮೀ ಚಾಪೆಯ ನಡುವೆ ಕೂತಳು. ಕ್ಯಾಮೆರಾ ಶುರು ಮಾಡಿ ಅವನು ಹೊರಗೆ ಬಂದು, ಕೋಣೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ನಿಂತ. ತಾನು ಎದುರಿಗಿದ್ದರೆ ಕೂತವರು ನಟಿಸುತ್ತಾರೆಂದು ಅವನು ಯಾವಾಗಲೂ ಹಾಗೆಯೇ ಮಾಡುತ್ತಿದ್ದ. ರೋಲು ಮುಗಿಯುವವರೆಗೆ ಬಾಗಿಲ ಮೇಲಿಂದ ಕಣ್ಣು ತೆಗೆಯಲಿಲ್ಲ. "ಒಂದು ಬೆಕ್ಕನ್ನು ಸಹ ಒಳಗೆ ಬಿಡ್ಲಿಲ್ಲ," ಎಂದ.

ಸಂಜೆ ಮನೆಗೆ ಬಂದು ಅಮ್ಮೀಯನ್ನು ಕೇಳಿದೆ: ಹೇಗಿತ್ತು ಶೂಟಿಂಗ್?

"ಛಲೋ ಆತು," ಎಂದಳು. "ಭಾಳ ದಿನದ ಮ್ಯಾಲ ಮನ್ಯಾಗ ಮಾತಾಡಾಕ ಯಾರರ ಸಿಕ್ರು."

ಸದಾನಂದನನ್ನು ಕುರಿತು ಹೇಳುತ್ತಿದ್ದಾಳೆ ಎಂದುಕೊಂಡೆ. ಊಟ ಮಾಡಿ ಮಲಗಿದೆ.

ಹತ್ತೊಂಬತ್ತು ದಿನಗಳ ಮೇಲೆ ಅಮ್ಮೀ ತೀರಿಕೊಂಡಳು. ನೆರೆಯವರು ಮಧ್ಯಾಹ್ನ ನೋಡಿದಾಗ ಚಾಪೆಯ ಮೇಲೆ ಮಲಗಿದ ಹಾಗೆಯೇ ಇದ್ದಳಂತೆ. ನಾನು ಪಾಳಿಯಲ್ಲಿದ್ದೆ.

ಸದಾನಂದನ ರೋಲು ಅಷ್ಟು ದಿನವೂ ಲ್ಯಾಬಿನಲ್ಲಿ ಸರದಿ ಕಾಯುತ್ತಾ ಬಿದ್ದಿತ್ತು. ದೊಡ್ಡವರ ಕೆಲಸದ ನಡುವೆ ಬಿಡುವು ಸಿಕ್ಕಾಗ ಇಂಥದ್ದನ್ನು ನಾವು ಮುಲಾಜಿಗೆ ತೊಳೆದು ಕೊಡುತ್ತಿದ್ದೆವು. ಅಮ್ಮೀಯ ದಫನ್ ಆಗಿ ಎರಡನೆಯ ವಾರ, ಆ ನೆಗೆಟಿವ್ ಒಣಗಿ ನನ್ನ ಮೇಜಿಗೆ ಬಂತು. ದೀಪದ ಗಾಜಿನ ಮೇಲೆ ಇಟ್ಟು ನೋಡಿದೆ.

ನೆಗೆಟಿವ್‌ನಲ್ಲಿ ಬಿಳಿಯದು ಕಪ್ಪಾಗುತ್ತದೆ — ನನಗೆ ಇದು ಹೊಸದಲ್ಲ. ಆದರೂ ನನ್ನ ಕೈ ನಿಂತುಹೋಯಿತು. ಅಮ್ಮೀಯ ಬೆಳ್ಳಗಿನ ತಲೆ ಕಪ್ಪಗೆ, ತುಂಬು ಕೂದಲಿನ ಹಾಗೆ ಕಾಣಿಸಿತು. ಬಿಳಿ ಸೀರೆ ಕಪ್ಪಾಗಿತ್ತು. ಕಣ್ಣಿನ ಪಾಪೆಗಳು ಮಾತ್ರ ಬೆಳಕಿನ ಎರಡು ಚುಕ್ಕೆ. ನಾನು ಹುಟ್ಟುವ ಮೊದಲಿನ ಯಾರೋ ಒಬ್ಬಳು ನನ್ನ ಮನೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ ಹಾಗಿತ್ತು. ತಡೆಯಲಾರದೆ, ಮೂಲೆಯಲ್ಲಿ ಬಿದ್ದಿದ್ದ ತುಂಡು ಫಿಲ್ಮಿನ ಮೇಲೆ ನನಗಾಗಿ ಒಂದು ಪ್ರಿಂಟ್ ತೆಗೆದೆ. ಕೈಯಿಂದ ತಿರುಗಿಸುವ ನೋಟದ ಮಷೀನಿಗೆ ಹಾಕಿದೆ.

ಏಳು ನಿಮಿಷ ಏನೂ ಇಲ್ಲ. ಅಮ್ಮೀ ಕೂತಿದ್ದಾಳೆ. ಬಾಗಿಲಿನಿಂದ ಬಂದ ಬಿಸಿಲು ಅವಳ ಮುಂದೆ ನೆಲದ ಮೇಲೆ ಉದ್ದಕ್ಕೆ ಬಿದ್ದಿದೆ. ಒಮ್ಮೆ ಸೆರಗು ಸರಿ ಮಾಡಿಕೊಳ್ಳುತ್ತಾಳೆ. ಮೊಣಕಾಲು ಒತ್ತಿಕೊಳ್ಳುತ್ತಾಳೆ. ಎಂಟನೆಯ ನಿಮಿಷದಲ್ಲಿ ಆ ಬಿಸಿಲು ಕಿರಿದಾಗುತ್ತದೆ — ಬಾಗಿಲಲ್ಲಿ ಯಾರೋ ನಿಂತರೆ ಆಗುತ್ತದಲ್ಲ, ಹಾಗೆ. ಮತ್ತೆ ಅಗಲವಾಗುತ್ತದೆ. ಅಮ್ಮೀ ತಲೆ ಎತ್ತುತ್ತಾಳೆ. ಕ್ಯಾಮೆರಾದತ್ತ ನೋಡುವುದಿಲ್ಲ, ಅದರ ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ ನೋಡುತ್ತಾಳೆ. ಅವಳ ಕಣ್ಣು ಮೆಲ್ಲಗೆ ಚಲಿಸುತ್ತದೆ, ಒಳಗೆ ಬರುತ್ತಿರುವವರ ಜೊತೆ ಜೊತೆಗೇ. ಆಮೇಲೆ ನಗುತ್ತಾಳೆ. ಚಾಪೆಯ ನಡುವಿನಿಂದ ಒಂದು ಬದಿಗೆ ಸರಿಯುತ್ತಾಳೆ, ಖಾಲಿಯಾದ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸುತ್ತಾಳೆ, ಏನೋ ನಾಲ್ಕು ಮಾತು ಆಡುತ್ತಾಳೆ. ಫಿಲ್ಮಿನಲ್ಲಿ ಧ್ವನಿ ಇಲ್ಲ. ಉಳಿದ ಎರಡು ನಿಮಿಷ ಅವಳು ಚಾಪೆಯ ಅಂಚಿನಲ್ಲಿ ಕೂತು ಪಕ್ಕಕ್ಕೆ ನೋಡುತ್ತಾ ತಲೆಯಾಡಿಸುತ್ತಿರುತ್ತಾಳೆ. ಪಕ್ಕದಲ್ಲಿ ಬರೀ ಚಾಪೆ.

ಅಮ್ಮೀ ತಲೆ ಎತ್ತಿದಾಗ ನಾನು ತಿರುಗಿ ನನ್ನ ಬೆನ್ನ ಹಿಂದೆ ನೋಡಿದ್ದೆ. ಹಗಲು ಹೊತ್ತು, ಲ್ಯಾಬಿನಲ್ಲಿ ಮಷೀನುಗಳ ಸದ್ದಿತ್ತು. ಆದರೂ ನೋಡಿದ್ದೆ.

ಸದಾನಂದ ಹುಡುಕುತ್ತಿದ್ದದ್ದು ಇದನ್ನೇ. ಕಾಣದವರು ಬಂದದ್ದು ನೋಡುವವರಿಗೆ ತಿಳಿಯಬೇಕು ಎನ್ನುತ್ತಿದ್ದನಲ್ಲ — ಅದು ಅವನಿಗೆ ಸಿಕ್ಕಿತ್ತು. ಅವನು ಗ್ಯಾಲರಿಯಲ್ಲಿ ನಿಂತಿದ್ದಾಗ, ಅವನಿಗೇ ತಿಳಿಯದೆ ಸಿಕ್ಕಿತ್ತು. ಓಡಿಹೋಗಿ ಹೇಳಬೇಕಿತ್ತು. ಅದರ ಬದಲು ನಾನು ನೆಗೆಟಿವ್ ಮತ್ತು ಪ್ರಿಂಟ್ ಎರಡನ್ನೂ ಒಂದು ಡಬ್ಬಿಯಲ್ಲಿ ಹಾಕಿ, ಸುತ್ತ ಟೇಪು ಸುತ್ತಿ, ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿಟ್ಟೆ.

ಯಾಕೆ? ಹೆದರಿಕೆ ಎಂದು ಹೇಳಬಹುದು. ಸತ್ತವಳ ಚಿತ್ರವನ್ನು ಪರದೆಗೆ ಏರಿಸಬಾರದು ಎಂಬ ನಂಬಿಕೆ ಎಂದೂ ಹೇಳಬಹುದು; ನಮ್ಮವರು ಒಪ್ಪಿಯಾರು. ಆದರೆ ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿದ್ದದ್ದು ಬೇರೆ — ಅವಳು ಸರಿದು ಜಾಗ ಮಾಡಿಕೊಟ್ಟದ್ದು ನನಗೆ. ತಿಂಗಳುಗಟ್ಟಲೆ ಅವಳ ಪಕ್ಕದಲ್ಲಿ ಕೂರದ ಮಗನಿಗೆ. ಹಾಗೆಂದು ನಂಬುವ ಆಸೆ ಎಷ್ಟಿತ್ತೆಂದರೆ, ಬೇರೆ ಯಾರಾದರೂ ನೋಡಿದರೆ 'ಅಲ್ಲ, ಬೇರೆ ಯಾರೋ' ಎಂದುಬಿಡುತ್ತಾರೆ ಎನಿಸಿತು. ಅಮ್ಮೀಯನ್ನು ನಾನು ಹಂಚಿಕೊಳ್ಳಲು ಒಪ್ಪಲಿಲ್ಲ. ಅಷ್ಟೇ. ಬದುಕಿದ್ದಾಗ ನನಗೆ ಬೇಡವಾಗಿದ್ದವಳು, ಹನ್ನೊಂದು ನಿಮಿಷದ ಫಿಲ್ಮು ಆದ ಮೇಲೆ ಪೂರಾ ನನ್ನವಳೇ ಆಗಬೇಕಾಯಿತು.

ಸದಾನಂದ ಬಂದ. ಲ್ಯಾಬಿನ ಮೆಟ್ಟಿಲ ಮೇಲೆ ನಿಂತು ಹೇಳಿದೆ: "ಸದಾ, ರೋಲ್ ಹೋತೋ. ಕೆಮಿಕಲ್‌ನಾಗ ಮಷೀನ್ ನಿಂತು ಪೂರಾ ಕರ್ರಗ ಆಗೇತಿ. ಸಾಹೇಬರಿಗೆ ಹೇಳಬ್ಯಾಡ, ನನ್ನ ನೌಕರಿ ಹೋಗ್ತದ."

ಅವನು ಒಂದು ಮೆಟ್ಟಿಲು ಹತ್ತಿ ಹತ್ತಿರ ಬಂದ. ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟ. "ನಿನ್ನ ಅಮ್ಮನ ಚಿತ್ರ ಅಂತ ಇದ್ದದ್ದೇ ಅದೊಂದು. ನನಗಿಂತ ನಿನಗೇ ಹೆಚ್ಚು ಹೋಯಿತಲ್ಲ ಮಾರಾಯ," ಎಂದ.

ನಾನು ಅತ್ತೆ. ಅದು ನಿಜವಾದ ಅಳುವೇ ಆಗಿತ್ತು. ಅದರಿಂದ ಸುಳ್ಳು ಇನ್ನಷ್ಟು ಗಟ್ಟಿಯಾಯಿತು.

ಅವನು ಆ ಶಾಟನ್ನು ಬೇರೆಯವರನ್ನು ಕೂರಿಸಿ ತೆಗೆಯಲಿಲ್ಲ. ಅದರ ಜಾಗದಲ್ಲಿ ಹನ್ನೊಂದು ನಿಮಿಷ ಬರೀ ಕಪ್ಪು ಫಿಲ್ಮು ಸೇರಿಸಿದ. ಸೇರಿಸಿದ್ದು ಎಂದರೆ — ಅವನು ಗುರುತು ಹಾಕಿಕೊಟ್ಟ, ಅಂಟಿಸಿದವನು ನಾನು. "ಅದು ಅಮ್ಮೀದು. ಬೇರೆಯವರಿಗೆ ಕೊಡ್ಲಿಕ್ಕೆ ಆಗುದಿಲ್ಲ," ಎಂದ. ಒಂದು ಭಾನುವಾರ ಅದೇ ಶಾಲೆಯ ಹಾಲಿನಲ್ಲಿ, ಹೆಸರಿಡದೆಯೇ ತೋರಿಸಿದ. ಕೊಡಗಳು ತುಂಬಿ ಹರಿಯುವವರೆಗೆ ಜನ ತಾಳಿದರು. ಕತ್ತಲೆ ಶುರುವಾಗಿ ಎರಡು ನಿಮಿಷಕ್ಕೆ ಪ್ರೊಜೆಕ್ಟರಿನವನು ನಿದ್ದೆ ಹೋದನೇ ಎಂದು ಹಿಂದಿನಿಂದ ಒಬ್ಬ ಹಿಂದಿಯಲ್ಲಿ ಕೂಗಿದ: "ಅರೇ, ಪ್ರೊಜೆಕ್ಟರ್‌ವಾಲಾ ಸೋ ಗಯಾ ಕ್ಯಾ?" ನಗು. ಕುರ್ಚಿಗಳು ಸರಿದ ಸದ್ದು. ಉಳಿದವರು ಎಂಟೊಂಬತ್ತು ಮಂದಿ. ಆ ಕತ್ತಲೆಯಲ್ಲಿ ನಾನು ನಿಮಿಷಗಳನ್ನು ಅಳೆಯುತ್ತಿದ್ದೆ. ಈಗ ಸೆರಗು. ಈಗ ಮೊಣಕಾಲು. ಈಗ ಬಿಸಿಲು ಕಿರಿದಾಗುತ್ತದೆ. ಸರಿಯಾಗಿ ಆ ಹೊತ್ತಿಗೆ ನನ್ನ ಪಕ್ಕದ ಖಾಲಿ ಕುರ್ಚಿ ಕಿರ್ ಎಂದಿತು. ಯಾರೂ ಇರಲಿಲ್ಲ. ಹಳೆಯ ಮರದ ಕುರ್ಚಿ, ಹಾಗೆ ಸದ್ದು ಮಾಡುವುದುಂಟು. ಆದರೂ ದೀಪ ಹತ್ತುವವರೆಗೆ ನಾನು ಆ ಕಡೆ ತಿರುಗಲಿಲ್ಲ.

ಹೊರಗೆ ಯಾರೋ ಸದಾನಂದನಿಗೆ ಹೇಳಿದರು, ಇಷ್ಟೆಲ್ಲ ಕಾಯಿಸಿ ಕೊನೆಗೆ ಯಾರೂ ಬರಲೇ ಇಲ್ಲವಲ್ಲ ಎಂದು. "ಹೌದು, ಬರ್ಲಿಲ್ಲ," ಎಂದು ಅವನು ಒಪ್ಪಿಕೊಂಡ. ಪಕ್ಕದಲ್ಲೇ ನಿಂತಿದ್ದೆ.

ಅವನು ಮತ್ತೆ ಕ್ಯಾಮೆರಾ ಮುಟ್ಟಲಿಲ್ಲ. ಮದುವೆಯಾಗಿ ಮುಲುಂಡ್‌ಗೆ ಮನೆ ಬದಲಿಸಿದ. ಹೆಂಡತಿ ಸುಮತಿ, ನಮ್ಮ ಕಡೆಯ ಪದ್ಧತಿಯಂತೆ ಅತ್ತಿಗೆಗೆ ನಾನು ವೈನಿ ಎನ್ನುತ್ತೇನೆ. ಹೋದಾಗೆಲ್ಲ ಊಟ ಹಾಕದೆ ಕಳಿಸಿದವರಲ್ಲ. ನಾನು ಉಂಡು ಬರುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ನಮಾಜಿಗೆಂದು ಲ್ಯಾಬಿನವರು ನನಗೆ ಒಂದು ಗಂಟೆ ಬಿಡುತ್ತಿದ್ದರು. ಆ ಗಂಟೆಯಲ್ಲಿ ನಾನು ಮಸೀದಿಗೆ ಹೋಗದೆ, ಎಲ್ಲರೂ ಊಟಕ್ಕೆ ಹೋದ ಕೋಣೆಯಲ್ಲಿ ಆ ಡಬ್ಬಿ ತೆರೆಯುತ್ತಿದ್ದೆ. ಹತ್ತು ವರ್ಷದಲ್ಲಿ ತಪ್ಪಿಸಿದ ಶುಕ್ರವಾರ ಕಡಿಮೆ. ಕೈಯಿಂದ ತಿರುಗಿಸುವ ಮಷೀನಾದ್ದರಿಂದ ಎಷ್ಟು ಬೇಕಾದರೂ ನಿಧಾನ ಮಾಡಬಹುದು. ಮೊದಮೊದಲು ಎಂಟನೆಯ ನಿಮಿಷಕ್ಕೆ ಓಡುತ್ತಿದ್ದೆ. ಅವಳ ತುಟಿ ಓದಲು ಹೆಣಗುತ್ತಿದ್ದೆ. ಓದಲಾಗಲಿಲ್ಲ. ವರ್ಷ ಕಳೆದಂತೆ ಮೊದಲಿನ ಏಳು ನಿಮಿಷವೇ ಹೆಚ್ಚು ಬೇಕೆನಿಸತೊಡಗಿತು. ಏನೂ ಆಗದ ಆ ಹೊತ್ತಿನಲ್ಲಿ ನಾನು ಅವಳ ಉಸಿರು ನೋಡಿದೆ. ಬಲಗೈಯ ಸುಟ್ಟ ಕಲೆ ನೋಡಿದೆ. ಗೋಡೆಯ ಮೇಲಿನ ಅಬ್ಬಾನ ಟೋಪಿಯ ಗೂಟ, ಅದರ ನೆರಳು ಕೂದಲೆಳೆಯಷ್ಟು ಸರಿಯುವುದನ್ನು ನೋಡಿದೆ. ಕಣ್ಣಿಗೆ ಕೆಲಸ ಕೊಡದೆ ಬಿಟ್ಟರೆ ಅದು ತಾನಾಗಿ ನೋಡುತ್ತದೆ ಎಂದಿದ್ದನಲ್ಲ — ಆ ಮಾತು ಆಗ ಅರ್ಥವಾಯಿತು. ಅವನ ಸಿನಿಮಾವನ್ನು ಅವನು ಬಯಸಿದ ಹಾಗೆ ನೋಡಬಲ್ಲವನು ಈ ಊರಿನಲ್ಲಿ ನಾನೊಬ್ಬ ತಯಾರಾಗಿದ್ದೆ. ಅದನ್ನು ಅವನಿಗೆ ಹೇಳುವ ದಾರಿಯನ್ನು ನಾನೇ ಮುಚ್ಚಿಕೊಂಡಿದ್ದೆ.

ಈ ವರ್ಷ ಅವನಿಗೆ ಕಾಮಾಲೆಯಾಯಿತು. ಗುಣವಾಗಲಿಲ್ಲ. ಪರೇಲ್‌ನಲ್ಲಿ ಆಸ್ಪತ್ರೆಗೆ ಸೇರಿಸಿದರು. ಸಂಜೆ ನಾಲ್ಕು ಗಂಟೆಗೆ ಒಳಗೆ ಬಿಡುತ್ತಾರೆ. ನಾನು ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೋದೆ. ಹೇಳಬೇಕೆಂದೇ ಹೋಗಿದ್ದೆ. ಇಷ್ಟನ್ನು ನಂಬಿ — ನಂಬದಿದ್ದರೂ ಸರಿ.

ಮೈ ಹಳದಿಯಾಗಿತ್ತು. ಕಣ್ಣಿನ ಬಿಳಿಯೂ ಉಳಿದಿರಲಿಲ್ಲ. ಚೀಲ ನೋಡಿ ನಕ್ಕ. "ಎಂಥದು ಅದು, ಬಿರಿಯಾನಿಯಾ? ಡಾಕ್ಟರು ನೋಡಿದರೆ ನಿನ್ನನ್ನೂ ಇಲ್ಲೇ ಮಲಗಿಸ್ತಾರೆ."

"ನನ್ನ ಟಿಫಿನ್ ಡಬ್ಬಿ," ಎಂದೆ.

ಸುಮತಿ ವೈನಿ ಚಹಾ ತರಲು ಹೊರಗೆ ಹೋದರು. ಅವನೇ ಶುರು ಮಾಡಿದ. "ಇಲ್ಲಿ ಮಲಗಿ ಮಲಗಿ ಆ ಶಾಟ್‌ನದ್ದೇ ಯೋಚನೆ ದಸ್ತಗೀರ. ನಾನು ಹೊರಗಿದ್ದೆ. ಹನ್ನೊಂದು ನಿಮಿಷ ಒಳಗೆ ಎಂಥ ಆಗಿರಬಹುದು? ನೀನು ಎಂಥ ಹೇಳ್ತಿ?"

ಇದಕ್ಕಿಂತ ದೊಡ್ಡ ಬಾಗಿಲು ಯಾರಿಗೂ ತೆರೆಯುವುದಿಲ್ಲ. ಡಬ್ಬಿ ನನ್ನ ತೊಡೆಯ ಮೇಲಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಹತ್ತು ವರ್ಷದ ಸುಳ್ಳನ್ನು ಇವನು ಈ ಮಂಚದ ಮೇಲೆ ಹೇಗೆ ತಾಳಿಯಾನು ಎಂದು ಯೋಚಿಸಿದೆನೇ? ಇಲ್ಲ. ಅವನ ಕಣ್ಣಿನಲ್ಲಿ ನಾನು ಏನಾಗಿಬಿಡುತ್ತೇನೆ ಎಂದು ಯೋಚಿಸಿದೆ.

"ಏನೂ ಆಗಿರಾಕಿಲ್ಲೋ," ಎಂದೆ. "ಸುಮ್ಮ ಕುಂತಿರ್ತಾಳ."

"ಹಾಗೇ ಇರಬೇಕು," ಎಂದು ಗೋಡೆಯ ಕಡೆ ಹೊರಳಿದ.

ಮೂರನೆಯ ದಿನ ಬೆಳಿಗ್ಗೆ ಸುದ್ದಿ ಬಂತು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ, ಲ್ಯಾಬಿನಿಂದ ಸಣ್ಣ ಪ್ರೊಜೆಕ್ಟರ್ ಕೇಳಿ ತಂದು, ಡಬ್ಬಿಯ ಜೊತೆ ಮುಲುಂಡ್‌ಗೆ ಹೋದೆ. ಬಾಗಿಲಲ್ಲೇ ವೈನಿಗೆ ಎಲ್ಲವನ್ನೂ ಹೇಳಿದೆ. ಒಳಗೆ ಕರೆಯುವ ಮೊದಲೇ ಹೇಳಿದೆ, ಆಮೇಲೆ ಹೇಳಲಾರೆ ಎನಿಸಿತ್ತು. ಅವರು ಕೂಗಾಡಲಿಲ್ಲ. ಒಳಗೆ ಹೋಗಿ ಕಿಟಕಿಗಳನ್ನು ಮುಚ್ಚಿದರು, ಗೋಡೆಗೆ ಒಂದು ಬಿಳಿ ಚಾದರ ಕಟ್ಟಿದರು. "ಹಾಕಿ," ಎಂದರು.

ಇಬ್ಬರೂ ನೋಡಿದೆವು. ಅವರು ಕೈಕಟ್ಟಿಕೊಂಡು, ಅಲುಗಾಡದೆ ಕೂತಿದ್ದರು. ಎಂಟನೆಯ ನಿಮಿಷ ಬಂತು. ಬಿಸಿಲು ಕಿರಿದಾಯಿತು. ಅಮ್ಮೀ ತಲೆ ಎತ್ತಿದಳು. ವೈನಿ ಥಟ್ಟನೆ ಹಿಂದಕ್ಕೆ ತಿರುಗಿ ಬಾಗಿಲ ಕಡೆ ನೋಡಿದರು. ಆಮೇಲೆ ಮತ್ತೆ ಚಾದರದ ಕಡೆ ತಿರುಗಿ, ಕೊನೆಯ ಎರಡು ನಿಮಿಷ ಆ ಖಾಲಿ ಚಾಪೆಯಿಂದ ಕಣ್ಣು ತೆಗೆಯಲಿಲ್ಲ.

ರೋಲು ಮುಗಿದು ಚಾದರ ಬೆಳ್ಳಗಾಯಿತು. ಪ್ರೊಜೆಕ್ಟರ್ ಆರಿಸಿದೆ.

"ದಸ್ತಗೀರಣ್ಣ, ನೀವು ಇದನ್ನು ಎಷ್ಟು ಸಲ ನೋಡಿದ್ದೀರಿ?"

"ನೆನಪಿಲ್ಲ ವೈನಿ. ಭಾಳ ಸರ್ತಿ."

"ಅವರು ಒಂದು ಸಲವೂ ನೋಡ್ಲಿಲ್ಲ," ಎಂದರು.

ಪ್ರಿಂಟ್, ನೆಗೆಟಿವ್, ಎರಡನ್ನೂ ಅವರ ಮೇಜಿನ ಮೇಲಿಟ್ಟೆ. ನನ್ನ ಹತ್ತಿರ ಇನ್ನು ಅಮ್ಮೀಯದು ಯಾವ ಚಿತ್ರವೂ ಇಲ್ಲ. ಮೆಟ್ಟಿಲಿಳಿಯುವಾಗ ಅವರು ಮೇಲಿಂದಲೇ, ಇದೆಲ್ಲವನ್ನೂ ಬರೆದು ಕೊಡಿ, ಆ ಭಾನುವಾರ ಕತ್ತಲೆಯಲ್ಲಿ ಎದ್ದುಹೋದವರೂ ಓದಲಿ ಎಂದರು. ಬರೆದಿದ್ದೇನೆ. ನನ್ನ ಹೆಸರನ್ನು ಎಲ್ಲಿಯೂ ಮುಚ್ಚಿಟ್ಟಿಲ್ಲ.